ವಿನೀತ್‌ಗೆ ದೊರೆತ ಏಣಿ ಮುದಗಲ್‌ನ ಹುಡುಗನಿಗೆ ಏಕಿಲ್ಲ?

ಮುದಗಲ್: 2024ರ ಸೆಪ್ಟೆಂಬರ್ 14ರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಪಂದ್ಯ ನಡೆದಿತ್ತು. ಬೆಂಗಳೂರು ಎಫ್‌ಸಿಗೆ ಎದುರಾಳಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಪಂದ್ಯದ 25ನೇ ನಿಮಿಷದಲ್ಲಿ ಆತಿಥೇಯ ತಂಡ ಗೋಲು ಗಳಿಸಿತು. ಕೊನೆಯವರೆಗೂ ಅದೊಂದೇ ಗೋಲು ಉಳಿದು ಜಯ ತಂದುಕೊಟ್ಟಿತು. ಅದನ್ನು ಗಳಿಸಿದವರು ಕೋಟಿಗಟ್ಟಲೆ ತೆತ್ತು ಕರೆತಂದ ವಿದೇಶಿ ಆಟಗಾರರಲ್ಲ, 40ರ ಹರೆಯದಲ್ಲೂ ಅಭಿಮಾನಿಗಳ ಕಣ್ಮಣಿಯಾಗಿದ್ದ ಸುನಿಲ್ ಚೆಟ್ರಿಯೂ ಅಲ್ಲ. 19 ವರ್ಷದ ವಿನೀತ್ ವೆಂಕಟೇಶ್. ಬೆಂಗಳೂರಿನದೇ ಹುಡುಗ. ಐಎಸ್‌ಎಲ್‌ನಲ್ಲಿ ಅವರಿಗೆ ಅದು ಚೊಚ್ಚಲ ಪಂದ್ಯ.

ಮೊದಲ ಪಂದ್ಯದಲ್ಲೇ ಗೆಲುವಿನ ಗೋಲು ಗಳಿಸುವ ಭಾಗ್ಯ ಎಲ್ಲ ಆಟಗಾರರಿಗೂ ಒದಗಿ ಬರುವುದಿಲ್ಲ. ಮರುದಿನದ ಪತ್ರಿಕೆಗಳು ಸಹಜವಾಗಿಯೇ ಪ್ರತಿಭೆಯ ಬಗ್ಗೆ ಬರೆದವು. ಆದರೆ ಪ್ರತಿಭೆ ಕತೆಯ ಅರ್ಧ ಭಾಗ ಮಾತ್ರ. ಆ ಗೋಲಿನ ಹಿಂದೆ ಒಂದು ಏಣಿಯಿತ್ತು. ಆ ಏಣಿಗೆ ಎಷ್ಟು ಮೆಟ್ಟಿಲುಗಳಿವೆ, ಅದನ್ನು ಎಲ್ಲಿ ನಿಲ್ಲಿಸಲಾಗಿದೆ, ಅದು ಎಷ್ಟು ಗಟ್ಟಿಯಾಗಿದೆ ಎಂಬ ಪ್ರಶ್ನೆಗಳು ಬೆಂಗಳೂರಿನಲ್ಲಿ ನಿಂತು ನೋಡಿದಾಗ ಕಾಣುವುದಕ್ಕಿಂತ, ರಾಜಧಾನಿಯಿಂದ ನಾನೂರು ಕಿಲೋಮೀಟರ್‌ಗೂ ಆಚೆ ಇರುವ ಮುದಗಲ್‌ನಂಥ ಊರಿನಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಈ ಪಟ್ಟಣ ಕೋಟೆಗೆ ಹಾಗೂ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂಗೆ ಹೆಸರಾದದ್ದು. ಇಲ್ಲಿನ ಹನ್ನೆರಡು ವರ್ಷದ ಬಾಲಕನೊಬ್ಬನಲ್ಲಿ ವಿನೀತ್‌ಗೆ ಇರುವಷ್ಟೇ ಕಾಲ್ಚಳಕವಿದೆ ಎಂದು ಊಹಿಸಿಕೊಳ್ಳಬಹುದು. ಅವನು 19ನೇ ವಯಸ್ಸಿಗೆ ಕಂಠೀರವದಲ್ಲಿ ಆಡಲು ಸಾಧ್ಯವೇ? ಕರ್ನಾಟಕದ ಫುಟ್‌ಬಾಲ್ ವ್ಯವಸ್ಥೆಯನ್ನು ಅಳೆಯಲು ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೊಂದಿಲ್ಲ.

ಗೋಲಿನ ಹಿಂದಿನ ಮೆಟ್ಟಿಲುಗಳು

ವಿನೀತ್ ಒಮ್ಮೆಲೇ ಆಕಾಶದಿಂದ ಇಳಿದು ಬಂದವರಲ್ಲ. ಬೆಂಗಳೂರು ಎಫ್‌ಸಿಯ ಯುವ ತಂಡಗಳಲ್ಲಿ ಪಳಗಿ ಮೇಲೆ ಬಂದವರು. ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಹುಟ್ಟುಹಾಕಿದ ಈ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. 2018-19ರಲ್ಲಿ ಐಎಸ್‌ಎಲ್ ಕಿರೀಟ ಧರಿಸಿತು. ಟ್ರೋಫಿಗಳ ಈ ಪಟ್ಟಿಯ ಬದಿಯಲ್ಲಿ ಹೆಚ್ಚು ಸದ್ದು ಮಾಡದೆ ನಡೆದ ಕೆಲಸವೆಂದರೆ ಕಿರಿಯರ ತಂಡಗಳ ನಿರ್ಮಾಣ. 2022ರಲ್ಲಿ ಯುವ ಆಟಗಾರರಿಗಾಗಿಯೇ ಆರಂಭವಾದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಅನ್ನು ಮೊದಲ ವರ್ಷವೇ ಬೆಂಗಳೂರಿನ ಹುಡುಗರು ಗೆದ್ದರು. ಅದರ ಫಲವಾಗಿ ಅದೇ ವರ್ಷ ಇಂಗ್ಲೆಂಡಿಗೆ ತೆರಳಿ ಅಲ್ಲಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಯುವ ತಂಡಗಳೊಡನೆ ಸೆಣಸುವ ಅವಕಾಶ ಕ್ಲಬ್‌ಗೆ ದೊರೆಯಿತು.

ಐಎಸ್‌ಎಲ್ ಪದಾರ್ಪಣೆಗೆ ಮೂರು ವಾರ ಮೊದಲೇ ವಿನೀತ್ ತಮ್ಮ ಗುರುತು ತೋರಿಸಿದ್ದರು. 2024ರ ಆಗಸ್ಟ್ 27ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ನಡೆದ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಚೆಟ್ರಿ ಪೆನಾಲ್ಟಿಯಲ್ಲಿ ಮುನ್ನಡೆ ತಂದ ಬಳಿಕ ಎರಡನೇ ಗೋಲು ಗಳಿಸಿದವರು ವಿನೀತ್. ಬೆಂಗಳೂರು ತಂಡ ಎರಡು ಗೋಲುಗಳ ಮುನ್ನಡೆಯನ್ನು ಉಳಿಸಿಕೊಳ್ಳಲಾಗದೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು ಎಂಬುದು ಬೇರೆ ಮಾತು. ಆದರೆ ದೊಡ್ಡ ಮೈದಾನದಲ್ಲಿ, ತವರಿನ ಅಭಿಮಾನಿಗಳ ಅಬ್ಬರದ ನಡುವೆ ಬೆದರದ ಹುಡುಗನನ್ನು ಐಎಸ್‌ಎಲ್‌ನಲ್ಲಿ ಕಣಕ್ಕಿಳಿಸಲು ತರಬೇತುದಾರರಿಗೆ ಅಷ್ಟು ಸಾಕಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಐಎಸ್‌ಎಲ್ ತಂಡವೊಂದರಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು. ಉಳಿಯುವುದು ಏಳು ಸ್ಥಾನ. ಗೋಲು ಗಳಿಸುವ ಮುಂಚೂಣಿಯ ಜಾಗಗಳನ್ನು ಕ್ಲಬ್‌ಗಳು ಬಹುತೇಕ ವಿದೇಶಿಯರಿಗೇ ಮೀಸಲಿಡುತ್ತವೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಭಾರತ ತಂಡಕ್ಕೆ ಮರಳಿ ಕರೆಯಬೇಕಾಗಿ ಬಂದದ್ದು ಇದರ ಪರಿಣಾಮವೇ. ಆ ಐಎಸ್‌ಎಲ್ ಋತುವಿನಲ್ಲಿ 14 ಗೋಲು ಗಳಿಸಿ ಭಾರತೀಯರಲ್ಲಿ ಮೊದಲಿಗರಾದವರು ಅದೇ 40ರ ಚೆಟ್ರಿ. ಇಂಥ ಇಕ್ಕಟ್ಟಿನಲ್ಲಿ 19ರ ಕನ್ನಡ ನಾಡಿನ ಹುಡುಗನೊಬ್ಬ ಜಾಗ ಗಿಟ್ಟಿಸಿದ್ದು ಸಣ್ಣ ಸಂಗತಿಯಲ್ಲ.

ಹಿಂದೆ ಊರು ಬಿಡಬೇಕಿತ್ತು

ಕರ್ನಾಟಕಕ್ಕೆ ಫುಟ್‌ಬಾಲ್ ಹೊಸತೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಆದರೆ ಅಹ್ಮದ್ ಖಾನ್ ಹೆಸರಾದದ್ದು ಕೋಲ್ಕತ್ತದಲ್ಲಿ, ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವ'ರಲ್ಲಿ ಒಬ್ಬರಾಗಿ. ಆಟವನ್ನೇ ಬದುಕಾಗಿಸಿಕೊಳ್ಳಬೇಕೆಂದವನು ಊರು ಬಿಡಲೇಬೇಕಿತ್ತು.

ಅರ್ಧ ಶತಮಾನ ಕಳೆದರೂ ಈ ಸ್ಥಿತಿ ಬದಲಾಗಲಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಾರ್ಲ್‌ಟನ್ ಚಾಪ್‌ಮನ್ ತರಬೇತಿಗಾಗಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ ಹೋಗಿ 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಪಂಜಾಬಿನ ಜೆಸಿಟಿ ತಂಡದೊಂದಿಗೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಈಸ್ಟ್ ಬೆಂಗಾಲ್ ನಾಯಕರಾಗಿ 2001ರಲ್ಲಿ ಮತ್ತೊಮ್ಮೆ ಗೆದ್ದರು. ಭಾರತ ತಂಡವನ್ನೂ ಮುನ್ನಡೆಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 49 ವರ್ಷ. ಅವರ ವೃತ್ತಿಜೀವನದ ಉತ್ತುಂಗದ ಗಳಿಗೆಗಳಲ್ಲಿ ಒಂದೂ ತವರಿನ ಕ್ಲಬ್ ಪರವಾಗಿ ಬರಲಿಲ್ಲ.

ಬೆಂಗಳೂರಿನಲ್ಲೇ ಉಳಿದವರಿಗೆ ಇದ್ದ ದಾರಿ ಸಾರ್ವಜನಿಕ ಉದ್ದಿಮೆಗಳ ತಂಡಗಳು. ಐಟಿಐ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಆಡಿತ್ತು. ಎಚ್‌ಎಎಲ್ 2011-12ರವರೆಗೆ ಐ-ಲೀಗ್‌ನಲ್ಲಿತ್ತು. ಅಲ್ಲಿ ಆಟಗಾರನಿಗೆ ಕೀರ್ತಿಗಿಂತ ನೌಕರಿ ಮುಖ್ಯವಾಗಿತ್ತು. ಬೆಳಿಗ್ಗೆ ಅಭ್ಯಾಸ, ಬಳಿಕ ಕಾರ್ಖಾನೆ, ತಿಂಗಳ ಕೊನೆಗೆ ತಪ್ಪದ ಸಂಬಳ, ಕಾಲು ಮುರಿದರೂ ಉಳಿಯುವ ಕೆಲಸ. ಮಗನನ್ನು ಮೈದಾನಕ್ಕೆ ಕಳುಹಿಸಲು ಕೆಳಮಧ್ಯಮ ವರ್ಗದ ತಂದೆಗೆ ಧೈರ್ಯ ಕೊಟ್ಟದ್ದು ಇದೇ ಭರವಸೆ. ಕಾರ್ಪೊರೇಟ್ ಕ್ಲಬ್‌ಗಳ ಯುಗದಲ್ಲಿ ಸಂಬಳ ಏರಿತು, ಭದ್ರತೆ ಇಳಿಯಿತು.

ಇಂಗ್ಲೆಂಡ್ ಕಲಿಸುವ ಪಾಠ

ಫುಟ್‌ಬಾಲ್ ಎಂದರೆ ಎಲ್ಲರೂ ಇಂಗ್ಲೆಂಡ್ ಕಡೆ ಬೆರಳು ತೋರುತ್ತಾರೆ. ಅಲ್ಲಿನ ಹಣವನ್ನು ನೋಡಿ ಬೆರಗಾಗುವುದಕ್ಕಿಂತ ಅಲ್ಲಿನ ಏಣಿಯನ್ನು ನೋಡುವುದು ಹೆಚ್ಚು ಉಪಯುಕ್ತ. 2012ರಲ್ಲಿ ಜಾರಿಗೆ ಬಂದ ಯೋಜನೆಯಂತೆ ಅಲ್ಲಿನ ಕ್ಲಬ್‌ಗಳ ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಗಿದೆ. ಒಂಬತ್ತು ವರ್ಷದೊಳಗಿನವರ ತಂಡದಿಂದ ಆರಂಭವಾಗುವ ತರಬೇತಿ 16ನೇ ವಯಸ್ಸಿನಲ್ಲಿ ಎರಡು ವರ್ಷಗಳ ವಿದ್ಯಾರ್ಥಿ ವೇತನದ ಹಂತಕ್ಕೆ ಬರುತ್ತದೆ. ಆಟದ ಜೊತೆಗೆ ಓದೂ ಕಡ್ಡಾಯ. ಬಳಿಕ ಆಯ್ದ ಕೆಲವರಿಗೆ ಮಾತ್ರ ವೃತ್ತಿಪರ ಒಪ್ಪಂದ. ಬಹುಪಾಲು ಹುಡುಗರು ಹೊರಬೀಳುತ್ತಾರೆ. ಆ ವ್ಯವಸ್ಥೆ ಕರುಣಾಮಯಿ ಏನಲ್ಲ.

ಆದರೆ ಹೊರಬಿದ್ದವನಿಗೆ ಅಲ್ಲಿ ಕಾಲೂರಲು ನೆಲವಿದೆ. ಮೇಲಿನ ನಾಲ್ಕು ಹಂತಗಳಲ್ಲೇ 92 ಕ್ಲಬ್‌ಗಳಿವೆ. ಅವುಗಳ ಕೆಳಗೆ ಅರೆವೃತ್ತಿಪರ ಲೀಗ್‌ಗಳ ಸಾಲೇ ಇದೆ. ಎಳವೆಯಲ್ಲಿ ಆರ್ಸೆನಲ್ ಕೈಬಿಟ್ಟ ಹ್ಯಾರಿ ಕೇನ್, ಟಾಟನ್‌ಹ್ಯಾಮ್ ಸೇರಿದ ನಂತರವೂ ಲೇಟನ್ ಓರಿಯಂಟ್, ಮಿಲ್‌ವಾಲ್, ನಾರಿಚ್, ಲೆಸ್ಟರ್ ಕ್ಲಬ್‌ಗಳಿಗೆ ಎರವಲು ಆಟಗಾರನಾಗಿ ಹೋಗಿ ಬಂದು ಇಂಗ್ಲೆಂಡಿನ ನಾಯಕನಾದರು. ಹದಿಹರೆಯದಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಹೊರಹಾಕಿದ ಜೇಮಿ ವಾರ್ಡಿ, ಕಾರ್ಖಾನೆಯಲ್ಲಿ ದುಡಿಯುತ್ತ ಕೆಳಹಂತದ ಲೀಗ್‌ನಲ್ಲಿ ಆಡಿ, 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಚಾಂಪಿಯನ್ ಆದರು. ಎರಡನೇ ಅವಕಾಶ ಅಲ್ಲಿ ಯಾರೋ ತೋರುವ ಔದಾರ್ಯವಲ್ಲ, ವ್ಯವಸ್ಥೆಯೊಳಗೇ ಇರುವ ಸೌಲಭ್ಯ.

ಎರಡನೆಯ ಪಾಠ ಪಂದ್ಯಗಳ ಸಂಖ್ಯೆಯದು. 2003ರಲ್ಲಿ ಜನಿಸಿದ ಜೂಡ್ ಬೆಲಿಂಗ್‌ಹ್ಯಾಮ್ ಎಳೆಯ ವಯಸ್ಸಿನಲ್ಲೇ ಬರ್ಮಿಂಗ್‌ಹ್ಯಾಮ್ ಸಿಟಿ ಅಕಾಡೆಮಿ ಸೇರಿದವರು. 2019ರ ಆಗಸ್ಟ್‌ನಲ್ಲಿ, ತಮಗೆ 16 ವರ್ಷ 38 ದಿನಗಳಾಗಿದ್ದಾಗ, ಹಿರಿಯರ ತಂಡಕ್ಕೆ ಪದಾರ್ಪಣೆ ಮಾಡಿದರು. ಆ ಒಂದೇ ಋತುವಿನಲ್ಲಿ ಅವರು ಆಡಿದ್ದು 44 ಪಂದ್ಯ. ಮರುವರ್ಷ ಜರ್ಮನಿಯ ಡಾರ್ಟ್‌ಮಂಡ್, 2023ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್. ಬರ್ಮಿಂಗ್‌ಹ್ಯಾಮ್ ಆಗ ಇದ್ದದ್ದು ಅಗ್ರ ದರ್ಜೆಯಲ್ಲಲ್ಲ, ಎರಡನೇ ಹಂತದಲ್ಲಿ. ಆ ಹಂತದಲ್ಲೂ ಪ್ರತಿ ತಂಡಕ್ಕೆ ಲೀಗ್‌ನಲ್ಲೇ 46 ಪಂದ್ಯಗಳಿರುತ್ತವೆ. 16ರ ಹುಡುಗನನ್ನು 20ರೊಳಗೆ ವಿಶ್ವದರ್ಜೆಗೆ ಏರಿಸಿದ್ದರಲ್ಲಿ ಪ್ರತಿಭೆಯಷ್ಟೇ ಪಾಲು ಈ ಎಡೆಬಿಡದ ಪಂದ್ಯಗಳದ್ದೂ ಇದೆ.

ಏಣಿಯೇ ಅಲುಗಾಡಿದ ವರ್ಷ

ಈ ಲೆಕ್ಕವನ್ನು ಬೆಂಗಳೂರಿಗೆ ಅನ್ವಯಿಸಿದರೆ ಆತಂಕ ಮೂಡುತ್ತದೆ. 2024-25ರ ಐಎಸ್‌ಎಲ್‌ನಲ್ಲಿ 13 ಕ್ಲಬ್‌ಗಳಿದ್ದವು. ಪ್ರತಿ ತಂಡಕ್ಕೆ 24 ಲೀಗ್ ಪಂದ್ಯಗಳಿದ್ದವು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗನ್‌ಗೆ 1-2ರಿಂದ ಮಣಿಯಿತು. ಆಟಗಾರರೆಲ್ಲ ಮುಂದಿನ ಋತುವಿನ ನಿರೀಕ್ಷೆಯಲ್ಲಿದ್ದಾಗಲೇ, ಜುಲೈ 11ರಂದು, ಲೀಗ್ ನಡೆಸುವ ಎಫ್‌ಎಸ್‌ಡಿಎಲ್ ಸಂಸ್ಥೆ ಹೊಸ ಋತುವನ್ನು ತಡೆಹಿಡಿಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನೊಡನೆ 2010ರಲ್ಲಿ ಆಗಿದ್ದ 15 ವರ್ಷಗಳ ವಾಣಿಜ್ಯ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ನವೀಕರಣದ ಬಗ್ಗೆ ಒಮ್ಮತ ಮೂಡಿರಲಿಲ್ಲ.

ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಯುವ ತಂಡಗಳಿಗೆ ಮತ್ತು ಮಕ್ಕಳ ತರಬೇತಿ ಶಾಲೆಗಳಿಗೆ ಇದು ತಟ್ಟುವುದಿಲ್ಲವೆಂದು ಕ್ಲಬ್ ಸ್ಪಷ್ಟಪಡಿಸಿದ್ದು ಮೆಚ್ಚತಕ್ಕದ್ದೇ. ಆದರೆ ಮೇಲಿನ ಮೆಟ್ಟಿಲು ಮುರಿದಿರುವಾಗ ಕೆಳಗಿನ ಮೆಟ್ಟಿಲುಗಳನ್ನು ಏರುವ ಹುಡುಗ ತಲುಪುವುದಾದರೂ ಎಲ್ಲಿಗೆ? ಲೀಗ್‌ನ ವಾಣಿಜ್ಯ ಹಕ್ಕಿಗಾಗಿ ಫೆಡರೇಷನ್ ಕರೆದ ಟೆಂಡರ್‌ಗೆ ನವೆಂಬರ್‌ನಲ್ಲಿ ಒಂದೂ ಬಿಡ್ ಬರಲಿಲ್ಲ. ಕಡೆಗೆ ಕೇಂದ್ರ ಕ್ರೀಡಾ ಸಚಿವರು ಮಧ್ಯಪ್ರವೇಶಿಸಿದರು. 2026ರ ಫೆಬ್ರುವರಿ 14ರಿಂದ 14 ಕ್ಲಬ್‌ಗಳ ಲೀಗ್ ನಡೆಯುವುದೆಂದು ಜನವರಿ 6ರಂದು ಘೋಷಣೆಯಾಯಿತು. ತಂಡಗಳು ಪರಸ್ಪರ ಒಂದೇ ಬಾರಿ ಎದುರಾಗುವ ಸ್ವರೂಪದಿಂದಾಗಿ ಒಟ್ಟು ಪಂದ್ಯಗಳು 91ಕ್ಕೆ ಸೀಮಿತವಾದವು.

ಅಂದರೆ ಒಬ್ಬ ಆಟಗಾರನ ಪಾಲಿಗೆ 24 ಲೀಗ್ ಪಂದ್ಯಗಳ ಜಾಗದಲ್ಲಿ 13. ನಡುವೆ ಸೂಪರ್ ಕಪ್‌ನಂಥ ಅಲ್ಪಾವಧಿ ಟೂರ್ನಿಯನ್ನು ಬಿಟ್ಟರೆ ಲೀಗ್ ಆಟವಿಲ್ಲದೆ ಕಳೆದದ್ದು ಹತ್ತು ತಿಂಗಳು. 32ರ ಆಟಗಾರನಿಗೆ ಇದು ಆರ್ಥಿಕ ನಷ್ಟ. 20ರ ಆಟಗಾರನಿಗೆ ಇದು ಬೆಳವಣಿಗೆಯ ನಷ್ಟ, ಮತ್ತೆ ತುಂಬಿಕೊಡಲಾಗದ್ದು. ಯುವ ಫುಟ್‌ಬಾಲಿಗನ ವೃತ್ತಿಯಲ್ಲಿ 19ರಿಂದ 22ರವರೆಗಿನ ವರ್ಷಗಳು ರೈತನಿಗೆ ಮುಂಗಾರು ಇದ್ದಂತೆ. ಹದ ತಪ್ಪಿದರೆ ಆಮೇಲೆ ಎಷ್ಟು ಮಳೆ ಸುರಿದರೂ ಫಸಲು ಕೈಗೆ ಬರುವುದಿಲ್ಲ.

ಎಲ್ಲವೂ ರಾಜಧಾನಿಯಲ್ಲಿ

ಇನ್ನು ಮುದಗಲ್‌ನ ಬಾಲಕನ ವಿಷಯ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದುಕೊಂಡಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ನಂತರ, 54 ವರ್ಷಗಳ ಬಳಿಕ ಒಲಿದ ಪ್ರಶಸ್ತಿ ಅದು. 2024ರಲ್ಲಿ ಎಸ್‌ಸಿ ಬೆಂಗಳೂರು ಐ-ಲೀಗ್‌ಗೆ ಬಡ್ತಿ ಪಡೆಯಿತು. ಹೀಗೆ ರಾಜ್ಯದ ಫುಟ್‌ಬಾಲ್‌ನಲ್ಲಿ ಚಟುವಟಿಕೆ ಇಲ್ಲದಿಲ್ಲ. ಆದರೆ ರಾಷ್ಟ್ರೀಯ ಲೀಗ್‌ಗಳಲ್ಲಿ ರಾಜ್ಯದ ಹೆಸರು ಕಾಣಿಸಿದ ಕ್ಲಬ್‌ಗಳೆಲ್ಲ ಬೆಂಗಳೂರಿನವು. ಇಂಗ್ಲೆಂಡಿನ 92 ಕ್ಲಬ್‌ಗಳು ಸಣ್ಣ ಪಟ್ಟಣಗಳಲ್ಲೂ ಹರಡಿಕೊಂಡಿವೆ. ಕರ್ನಾಟಕದ ಏಣಿಯನ್ನು ಒಂದೇ ನಗರದ ಗೋಡೆಗೆ ಒರಗಿಸಲಾಗಿದೆ.

ಅಪವಾದವೊಂದು ಕಲ್ಯಾಣ ಕರ್ನಾಟಕದಲ್ಲೇ ಉಂಟು. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಬಳ್ಳಾರಿ ಜಿಲ್ಲೆಯ ಜೆಎಸ್‌ಡಬ್ಲ್ಯು ಆವರಣದಲ್ಲಿ ನಡೆಸಿತು. ಹಿರಿಯರ ತಂಡವೂ ಋತುವಿಗೆ ಮುನ್ನ ಅಲ್ಲಿ ತಾಲೀಮು ನಡೆಸಿದೆ. ರಾಯಚೂರು ಜಿಲ್ಲೆಯ ನೆರೆಯಲ್ಲೇ ಇಂಥ ಸೌಕರ್ಯ ತಲೆಯೆತ್ತಿದ್ದು ನಿಜ. ಆದರೆ ಅಕಾಡೆಮಿ ಎಂಬುದು ಆಯ್ಕೆಯಾದವರಿಗಷ್ಟೇ ತೆರೆಯುವ ಬಾಗಿಲು. ಆಯ್ಕೆಗಾರನ ಕಣ್ಣಿಗೆ ಬೀಳಲು ಹುಡುಗ ಎಲ್ಲಾದರೂ ಪಂದ್ಯ ಆಡುತ್ತಿರಬೇಕು.

ಆ 'ಎಲ್ಲಾದರೂ' ಎಂಬುದೇ ಇಲ್ಲಿ ಇಲ್ಲ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟದವರೆಗೆ ಅಚ್ಚುಕಟ್ಟಾದ ಮೆಟ್ಟಿಲುಗಳನ್ನು ಹೊಂದಿವೆ. ಆದರೆ ಈ ಭಾಗದಲ್ಲಿ ಅವುಗಳ ಜೀವಾಳ ಕಬಡ್ಡಿ, ಖೋ ಖೋ, ವಾಲಿಬಾಲ್. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ನಾಕೌಟ್ ಕೂಟದಿಂದ ಫುಟ್‌ಬಾಲಿಗ ತಯಾರಾಗುವುದಿಲ್ಲ. ಮೊದಲ ಪಂದ್ಯದಲ್ಲಿ ಸೋತ ಶಾಲೆಯ ಹುಡುಗನಿಗೆ ಮುಂದಿನ ಪಂದ್ಯ ಮರುವರ್ಷ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗೆ ಬೆಂಗಳೂರು ಅಪರಿಚಿತವಲ್ಲ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗಂಟುಮೂಟೆ ಕಟ್ಟಿ ರಾಜಧಾನಿಗೆ ಗುಳೆ ಹೋಗುತ್ತವೆ. ಅಲ್ಲಿನ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ ಹೊರುತ್ತವೆ. ಈ ನೆಲದ ದುಡಿಮೆಯನ್ನು ಬೆಂಗಳೂರು ತಾನಾಗಿಯೇ ಸೆಳೆದುಕೊಳ್ಳುತ್ತದೆ. ಈ ನೆಲದ ಆಟವನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ.

ಆಗಬೇಕಾದುದೇನು?

ಇಂಥ ಚರ್ಚೆ ಎದ್ದಾಗಲೆಲ್ಲ ಕೇಳಿಬರುವ ಬೇಡಿಕೆ ಕ್ರೀಡಾಂಗಣ. ಆದರೆ ಪಂದ್ಯವಿಲ್ಲದ ಕ್ರೀಡಾಂಗಣ ನೀರಿಲ್ಲದ ಕೆರೆಯಂತೆ. ಮೊದಲು ಬೇಕಾದದ್ದು ವೇಳಾಪಟ್ಟಿ. ನಾಲ್ಕಾರು ತಾಲ್ಲೂಕುಗಳ ಶಾಲೆಗಳನ್ನು ಸೇರಿಸಿ, 13 ಹಾಗೂ 15 ವರ್ಷದೊಳಗಿನವರಿಗೆ ವಾರಕ್ಕೊಂದು ಪಂದ್ಯದ ಲೀಗ್ ನಡೆಸಲು ದೊಡ್ಡ ಬಂಡವಾಳ ಬೇಡ. ಸಮತಟ್ಟಾದ ಮೈದಾನ, ತರಬೇತಿ ಪಡೆದ ದೈಹಿಕ ಶಿಕ್ಷಕ, ಮಕ್ಕಳನ್ನು ಕರೆದೊಯ್ಯುವ ವಾಹನ, ಪಂದ್ಯದ ದಿನ ಊಟ ಇದ್ದರೆ ಸಾಕು. ಋತುವಿನ ಕೊನೆಗೆ ಬೆಂಗಳೂರಿನ ಕ್ಲಬ್‌ಗಳ ಆಯ್ಕೆಗಾರರು ಇಲ್ಲಿಗೆ ಬರಬೇಕು. ಹುಡುಗ ತಂದೆಯ ಕೂಲಿ ಕಳೆದು ಅಲ್ಲಿಗೆ ಹೋಗುವಂತಾಗಬಾರದು.

ಹಣದ ಮೂಲವೂ ದೂರದಲ್ಲಿಲ್ಲ. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ನೀಡಿದೆ. ಅದರಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಆಟವೂ ಉದ್ಯೋಗವಾಗಿರುವ ಈ ಕಾಲದಲ್ಲಿ ಅದನ್ನು ಅಭಿವೃದ್ಧಿಯ ಲೆಕ್ಕದಿಂದ ಹೊರಗಿಡಲು ಕಾರಣವಿಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲೇ ರಾಜ್ಯ ಸರ್ಕಾರದ ಒಡೆತನದ ಹಟ್ಟಿ ಚಿನ್ನದ ಗಣಿ ಕಂಪನಿಯೂ ಇದೆ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಒಂದು ಕಾಲಕ್ಕೆ ಹೊತ್ತ ಹೊಣೆಯ ಸಣ್ಣ ಪಾಲನ್ನು ಇಂಥ ಸಂಸ್ಥೆ ಇಲ್ಲಿ ಹೊರಬಹುದು.

ಇವೆಲ್ಲ ನಡೆದರೂ ಮುದಗಲ್‌ನ ಹುಡುಗ ವೃತ್ತಿಪರ ಆಟಗಾರನಾಗಿಯೇ ತೀರುತ್ತಾನೆಂದು ಯಾರೂ ಹೇಳಲಾರರು. ಇಂಗ್ಲೆಂಡಿನಲ್ಲೂ ಏಣಿ ಹತ್ತುವವರಲ್ಲಿ ಬಹಳಷ್ಟು ಮಂದಿ ಮೇಲಕ್ಕೆ ತಲುಪುವುದಿಲ್ಲ. ಹಾಗಾಗಿಯೇ ಓದನ್ನು ಆಟದ ಜೊತೆಗೆ ಕಟ್ಟಿಹಾಕುವ ಅಲ್ಲಿನ ಕ್ರಮವೂ ಇಲ್ಲಿಗೆ ಬರಬೇಕು. ಆದರೆ ಪ್ರಯತ್ನಿಸಿ ಸೋಲುವುದಕ್ಕೂ, ಪ್ರಯತ್ನಿಸುವ ಅವಕಾಶವೇ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ವಿನೀತ್ ವೆಂಕಟೇಶ್ ಅವರ ವೃತ್ತಿಜೀವನ ಈಗಷ್ಟೇ ಆರಂಭದ ಘಟ್ಟದಲ್ಲಿದೆ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವರ ಕಾಲುಗಳಷ್ಟೇ ದೇಶದ ಫುಟ್‌ಬಾಲ್ ಆಡಳಿತವೂ ನಿರ್ಧರಿಸುತ್ತದೆ. ಚಾಪ್‌ಮನ್ ಕಾಲದಲ್ಲಿ ಬೆಂಗಳೂರಿನ ಹುಡುಗ ಜಮ್‌ಶೆಡ್‌ಪುರಕ್ಕೆ ಹೋಗಬೇಕಿತ್ತು. ವಿನೀತ್ ಕಾಲಕ್ಕೆ ತವರಿನಲ್ಲೇ ಬೆಳೆದು ತವರಿನಲ್ಲೇ ಗೋಲು ಗಳಿಸುವಂತಾಯಿತು. ಈ ಬದಲಾವಣೆಗೆ ಹಿಡಿದದ್ದು ಮೂರು ದಶಕ. ಬೆಂಗಳೂರಿನಿಂದ ಮುದಗಲ್‌ಗೆ ಆ ಏಣಿಯ ಮೊದಲ ಮೆಟ್ಟಿಲು ಬರಲು ಇನ್ನೂ ಮೂರು ದಶಕ ಹಿಡಿಯದಿರಲಿ ಎಂಬುದಷ್ಟೇ ಈ ಸೀಮೆಯ ನಿರೀಕ್ಷೆ.